ಹೊರಮಾವಿನ ಮೆಟ್ಟಿಲ ದೀಪ, ನಮ್ಮ ಹೊಲದ ಹಂದಿ

ಹೋದ ವರ್ಷ ಬೇಸಿಗೆಯಲ್ಲಿ ಕಣ್ಣು ತೋರಿಸಿಕೊಂಡು ಬರೋಣ ಅಂತ ಬೆಂಗಳೂರಿಗೆ ಹೋದವನು ಹೊರಮಾವಿನ ಮಗಳ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ಮಾಲೂರಿನಲ್ಲಿ ರೈಲು ಹತ್ತಿ ಕೃಷ್ಣರಾಜಪುರದಲ್ಲಿ ಇಳಿದರೆ, ಅಲ್ಲಿಂದ ರಿಂಗ್ ರೋಡಿನಲ್ಲಿ ಟಿನ್ ಫ್ಯಾಕ್ಟರಿ, ರಾಮಮೂರ್ತಿನಗರ ದಾಟಿ ಹೊರಮಾವು ಸಿಗ್ನಲ್ಲು. ಹೆಸರಿನಲ್ಲಿ ಮಾವು ಇದೆ, ಮಾವಿನ ಮರ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಪೊರೆ ಬಂದ ಕಣ್ಣು, ಅದರ ಸಾಕ್ಷಿಯನ್ನು ಪೂರ್ತಿ ನಂಬಬೇಡಿ.

ಮಗಳ ಮನೆ ಎರಡನೇ ಮಹಡಿ. ಹೊಲದವನಿಗೆ ಎಲ್ಲೇ ಮಲಗಿದರೂ ನಾಲ್ಕು ಗಂಟೆಗೆ ಎಚ್ಚರ ಆಗೇ ಆಗುತ್ತೆ. ಯಾರಿಗೂ ತೊಂದರೆ ಬೇಡ ಅಂತ ಮೆಲ್ಲಗೆ ಬಾಗಿಲು ತೆಗೆದು ಕೆಳಗೆ ಹೊರಟೆ. ಮೆಟ್ಟಿಲಲ್ಲಿ ಕಗ್ಗತ್ತಲು. ಗೋಡೆ ತಡಕಿ ಸ್ವಿಚ್ಚು ಹುಡುಕುವಷ್ಟರಲ್ಲಿ ದೀಪ ತಾನಾಗೇ ಹೊತ್ತಿಕೊಂಡಿತು. ಯಾರೋ ಎದ್ದರು ಅಂತ ಮೇಲೆ ಕೆಳಗೆ ನೋಡಿದೆ, ಯಾರೂ ಇಲ್ಲ. ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ ದೀಪ ಆರಿತು. ಬೀಡಿ ಬಾಯಿಗೆ ಎತ್ತಿದೆ, ಹೊತ್ತಿತು. ಅಲ್ಲಾಡದೆ ಕೂತೆ, ಆರಿತು. ಆರೇಳು ಸಲ ಹೀಗೇ ಆಟ ಆಡಿದೆ. ಆಗ ತಲೆಗೆ ಬಂದದ್ದು ಒಂದೇ ಮಾತು: ಇದು ನನ್ನ ಕಡಲೆಕಾಯಿ ಹೊಲದ ಬದುವಿನ ಮೇಲೆ ಇದ್ದಿದ್ದರೆ!

ತಂತಿ ಎಳೆದ ಕತೆ

ಹಾಗೆ ಯಾಕೆ ಅನಿಸಿತು ಅಂತ ಹೇಳಬೇಕು. ನನಗೆ ಇರುವುದು ಎರಡೂವರೆ ಎಕರೆ ಬೆದ್ದಲು. ಬೋರ್‌ವೆಲ್ ಇಲ್ಲ. ಒಂದು ಎಕರೆಯಷ್ಟು ಕಡಲೆಕಾಯಿ, ಉಳಿದದ್ದರಲ್ಲಿ ರಾಗಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ. ಪೂರ್ವಕ್ಕೆ ನೀಲಗಿರಿ ತೋಪು. ಹಗಲೆಲ್ಲ ತೋಪಿನಲ್ಲಿ ಮಲಗಿದ ಕಾಡುಹಂದಿ ರಾತ್ರಿ ಒಂದು ಗಂಟೆ ಮೇಲೆ ಇಳಿಯುತ್ತವೆ. ಕಾಯಿ ಕಟ್ಟಿದ ವಾಸನೆ ಅವಕ್ಕೆ ನಮಗಿಂತ ಮೊದಲೇ ಗೊತ್ತಾಗುತ್ತೆ. ತಿಂದದ್ದಕ್ಕಿಂತ ಉತ್ತು ಹಾಕಿದ್ದೇ ಹೆಚ್ಚು. ಕಡಲೆಕಾಯಿ ಮುಗಿಯಿತು ಅನ್ನುವಾಗ ರಾಗಿ ಹಾಲುತೆನೆಗೆ ಬಂದಿರುತ್ತೆ. ವರ್ಷಕ್ಕೆ ಎರಡೂವರೆ ಮೂರು ತಿಂಗಳು ಅಟ್ಟಣೆ ಮೇಲೆ ನಿದ್ದೆಗೆಟ್ಟು ತಗಡು ಬಡಿಯುವುದೇ ಕೆಲಸ. ಇಪ್ಪತ್ತೈದರಲ್ಲಿ ಅದು ಸಲೀಸು. ಐವತ್ತು ದಾಟಿದ ಮೇಲೆ ಏಣಿ ಹತ್ತುವಾಗ ಮಂಡಿ ಮಾತಾಡುತ್ತೆ.

ಆರು ವರ್ಷದ ಹಿಂದೆ, ಸಾಕಾಗಿ ಹೋಗಿ, ನಾನೂ ಎಲ್ಲರಂತೆ ತಂತಿ ಎಳೆದೆ. ಪಕ್ಕದ ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ಕರೆಂಟು, ಬದುವಿನ ಉದ್ದಕ್ಕೂ ಬೈಂಡಿಂಗ್ ವೈರು, ನೆಲದಿಂದ ಒಂದಡಿ ಎತ್ತರ. ಮೊದಲ ರಾತ್ರಿ ಏನೂ ಆಗಲಿಲ್ಲ. ಎರಡನೇ ಬೆಳಗ್ಗೆ ನೋಡಿದರೆ ನನ್ನದೇ ನಾಯಿ ಕರಿಯ ತಂತಿ ಮೇಲೆ ಸತ್ತು ಬಿದ್ದಿತ್ತು. ನನ್ನನ್ನು ಹುಡುಕಿಕೊಂಡು ಬಂದಿತ್ತೋ ಏನೋ. ಕರೆಂಟು ತೆಗೆದು ಅದನ್ನು ಎತ್ತುತ್ತಾ ಇದ್ದೆ, ಆ ಹೊತ್ತಿಗೆ ಪಕ್ಕದ ಹೊಲದ ಹೆಂಗಸು ಕುಡುಗೋಲು ಹಿಡಿದು ಅದೇ ಬದುವಿಗೆ ಹುಲ್ಲಿಗೆ ಬಂದರು. ದಿನಾ ಬರುವ ಹೊತ್ತಿಗಿಂತ ಅವತ್ತು ಅವರು ಅರ್ಧ ಗಂಟೆ ತಡ. ಅವರಿಗೆ ನಾನು ಏನೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಮನೆಯಲ್ಲಿ ಇವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ತಂತಿಯ ಮೇಲೆ ಈಗ ಹಿತ್ತಲಲ್ಲಿ ಹೀರೆ ಬಳ್ಳಿ ಹಬ್ಬಿದೆ.

ಹಂದಿಗೆ ಇಟ್ಟ ಕರೆಂಟಿಗೆ ಮನುಷ್ಯರು, ದನ, ಆನೆ ಬಲಿಯಾದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. 1972ರ ವನ್ಯಜೀವಿ ಕಾಯಿದೆ ಒಂದು ಕಡೆ, ಕರೆಂಟು ಕದ್ದ ಕೇಸು ಇನ್ನೊಂದು ಕಡೆ, ಮನುಷ್ಯ ಸತ್ತರೆ ಜೈಲು. ಸೌರಬೇಲಿ ಬೇರೆ, ಇದು ಬೇರೆ. ಅಳತೆಗೆ ಸರಿಯಾಗಿ ಕಟ್ಟಿದ ಸೌರಬೇಲಿಯಲ್ಲಿ ಕರೆಂಟು ಸೆಕೆಂಡಿಗೆ ಒಂದು ಸಲದಂತೆ, ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ಬಡಿದು ಬಿಡುತ್ತೆ, ಬಿಡಿಸಿಕೊಳ್ಳಲು ಆಗುತ್ತೆ. 230 ವೋಲ್ಟಿನ ಮನೆ ಕರೆಂಟು ಹಿಡಿದರೆ ಬಿಡುವುದಿಲ್ಲ. ಆದರೆ ಸೌರಬೇಲಿಯ ಖರ್ಚು ಎರಡೂವರೆ ಎಕರೆಯವನ ಕೈಗೆ ನಿಲುಕುವಂಥದ್ದಲ್ಲ. ಹೊರಮಾವಿನ ಮೆಟ್ಟಿಲ ಮೇಲೆ ಕೂತಾಗ ನನ್ನ ತಲೆಯಲ್ಲಿ ಇದೆಲ್ಲ ಇತ್ತು.

ಶಾಖ ನೋಡುವ ಕಣ್ಣು

ಅಳಿಯ ವೈರಿಂಗ್ ಕೆಲಸದವನು. ಬೆಳಗ್ಗೆ ಕಾಫಿ ಕುಡಿಯುತ್ತಾ ಕೇಳಿದೆ. 'ಅದು ಸೆನ್ಸರ್ ಲೈಟು ಮಾವ, ಈಗ ಎಲ್ಲ ಬಿಲ್ಡಿಂಗಲ್ಲೂ ಹಾಕ್ತಾರೆ' ಅಂದ. ಅಷ್ಟಕ್ಕೇ ಬಿಡುವವನಲ್ಲ ನಾನು. ಭಾನುವಾರ ಅವನ ಚೀಲದಲ್ಲಿದ್ದ ಒಂದು ಕೆಟ್ಟ ಸೆನ್ಸರನ್ನು ಬಿಚ್ಚಿಸಿ ನೋಡಿದೆ. ಅವನು ಹೇಳಿದ್ದು, ಆಮೇಲೆ ನಮ್ಮೂರ ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಹೇಳಿದ್ದು, ನಾನು ಹೊಲದಲ್ಲಿ ಕೆಟ್ಟು ಕಲಿತದ್ದು, ಮೂರನ್ನೂ ಸೇರಿಸಿ ಬರೆಯುತ್ತೇನೆ.

ಬಿಸಿ ಇರುವ ಯಾವ ವಸ್ತುವೂ ಕಣ್ಣಿಗೆ ಕಾಣದ ಒಂದು ಬೆಳಕು ಬಿಡುತ್ತಲೇ ಇರುತ್ತೆ. ಒಲೆಯ ಕೆಂಡದ ಹತ್ತಿರ ಕೈ ಹಿಡಿದರೆ ಮುಟ್ಟದೆಯೂ ಬಿಸಿ ತಾಗುತ್ತಲ್ಲ, ಅದೇ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಅನ್ನುವವರು ಬಿಸಿಲನ್ನು ಕಾಮನಬಿಲ್ಲಿನ ಬಣ್ಣಗಳಾಗಿ ಬಿಡಿಸಿ, ಕೆಂಪಿನ ಆಚೆಗೆ, ಬಣ್ಣವೇ ಇಲ್ಲದ ಕಡೆ ಥರ್ಮಾಮೀಟರ್ ಇಟ್ಟರೆ ಅಲ್ಲೂ ಬಿಸಿ ಏರುವುದನ್ನು ಕಂಡರು. ಕೆಂಪಿನ ಆಚೆಯದ್ದು, ಅದಕ್ಕೇ ಇನ್‌ಫ್ರಾರೆಡ್. ನಮ್ಮ ಮೈ, ದನದ ಮೈ, ಹಂದಿಯ ಮೈ ಎಲ್ಲವೂ ಈ ಬೆಳಕು ಬಿಡುವ ಸಣ್ಣ ದೀಪಗಳೇ.

ಸೆನ್ಸರಿನ ಒಳಗೆ ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡ ಒಂದು ಲೋಹದ ಟೋಪಿ ಇದೆ. ಅದರಲ್ಲಿ ಇರುವ ಹರಳಿನ ಗುಣ ಏನೆಂದರೆ, ಅದರ ಬಿಸಿ ಬದಲಾದರೆ ಚೂರು ವಿದ್ಯುತ್ತು ಹುಟ್ಟುತ್ತೆ. ಮುನ್ನೂರು ವರ್ಷದ ಹಿಂದೆ ಸಿಂಹಳದಿಂದ ಡಚ್ಚರು ಟೂರ್ಮಲಿನ್ ಅನ್ನುವ ಕಲ್ಲು ಒಯ್ದಿದ್ದರಂತೆ. ಅದನ್ನು ಬಿಸಿ ಮಾಡಿದರೆ ಬೂದಿಯನ್ನು ಎಳೆದುಕೊಳ್ಳುತ್ತಿತ್ತು. ಅದೂ ಇದೇ ಗುಣ. ಬಿಸಿ 'ಬದಲಾದರೆ' ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಿಸಿ ಇದ್ದರೆ ಸಾಲದು, ಬದಲಾಗಬೇಕು. ಅದಕ್ಕೇ ನಾನು ಮೆಟ್ಟಿಲ ಮೇಲೆ ಅಲ್ಲಾಡದೆ ಕೂತರೆ ದೀಪ ಆರುತ್ತಿದ್ದದ್ದು. ಅದರ ಪಾಲಿಗೆ ನಾನೂ ಗೋಡೆಯೇ.

ಟೋಪಿಯ ಒಳಗೆ ಹರಳು ಒಂದಲ್ಲ, ಅಕ್ಕಪಕ್ಕ ಎರಡು. ಎರಡನ್ನೂ ಒಂದಕ್ಕೊಂದು ಎದುರಾಗಿ ಜೋಡಿಸಿದ್ದಾರೆ. ಬಿಸಿಲೇರಿ ಇಡೀ ಜಾಗ ನಿಧಾನ ಬಿಸಿಯಾದರೆ ಎರಡೂ ಒಟ್ಟಿಗೆ ಬಿಸಿಯಾಗಿ ಒಂದರ ಲೆಕ್ಕ ಇನ್ನೊಂದರಲ್ಲಿ ವಜಾ. ಅದೇ ಒಬ್ಬ ಮನುಷ್ಯ ಅಡ್ಡ ಹಾದರೆ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಬಿಸಿ ತಾಗುತ್ತೆ. ತಕ್ಕಡಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತೂಗಿದಂತೆ. ಆ ತೂಗಾಟವೇ ದೀಪಕ್ಕೆ ಸನ್ನೆ.

ಮುಂದಿರುವ ಬಿಳಿ ಪ್ಲಾಸ್ಟಿಕ್ ಮುಚ್ಚಳ ಬರೀ ಮುಚ್ಚಳ ಅಂತ ತಿಳಿದಿದ್ದೆ. ಅದೇ ಮುಖ್ಯ. ಕೈಯಾಡಿಸಿದರೆ ಗೆರೆ ಗೆರೆ ಸಿಗುತ್ತೆ. ಫ್ರೆನೆಲ್ ಅನ್ನುವ ಫ್ರೆಂಚರು 1820ರ ದಶಕದಲ್ಲಿ ಸಮುದ್ರದ ದೀಪಸ್ತಂಭಕ್ಕೆ ಇಂಥ ಗೆರೆಯ ಭೂತಗನ್ನಡಿ ಮಾಡಿದ್ದರು, ಇದು ಅದರ ಮರಿ. ಮುಂದಿನ ಜಾಗವನ್ನು ಬೆರಳು ಬಿಡಿಸಿದಂತೆ ಪಟ್ಟಿ ಪಟ್ಟಿಯಾಗಿ ಸೀಳಿ ಹರಳಿಗೆ ಕೊಡುತ್ತೆ. ಬಿದಿರು ತಡಿಕೆಯ ಹಿಂದೆ ಯಾರಾದರೂ ನಡೆದು ಹೋದರೆ ಸಂದಿಯಲ್ಲಿ ಮಿಣಮಿಣ ಕಾಣುತ್ತಾರಲ್ಲ, ಹಾಗೆ. ತಡಿಕೆಗೆ ಅಡ್ಡ ಹೋದರೆ ಮಿಣಮಿಣ ಜಾಸ್ತಿ. ನೇರ ತಡಿಕೆ ಕಡೆಗೇ ನಡೆದು ಬಂದರೆ ಒಂದೇ ಸಂದಿಯಲ್ಲಿ ಇದ್ದುಬಿಡುತ್ತಾರೆ. ಈ ಒಂದು ಮಾತು ಆಗಲೇ ಸರಿಯಾಗಿ ತಲೆಗೆ ಹೋಗಿದ್ದರೆ ನನ್ನ ಕಡಲೆಕಾಯಿ ಇನ್ನಷ್ಟು ಉಳಿಯುತ್ತಿತ್ತು.

ಇನ್ನೊಂದು ಸಂಗತಿ. ಮುಚ್ಚಳದ ಮುಂದೆ ಕಿಟಕಿ ಗಾಜು ಹಿಡಿದರೆ ನೀವು ಕುಣಿದರೂ ದೀಪ ಹತ್ತುವುದಿಲ್ಲ. ಮೈ ಶಾಖದ ಕಿರಣ ಗಾಜನ್ನು ದಾಟುವುದಿಲ್ಲ, ಆ ತೆಳು ಪ್ಲಾಸ್ಟಿಕ್ಕನ್ನು ದಾಟುತ್ತೆ. ಮಳೆಗೆ ನೆನೆಯದಿರಲಿ ಅಂತ ಗಾಜಿನ ಡಬ್ಬಿಯಲ್ಲಿ ಇಡುವ ಬುದ್ಧಿವಂತಿಕೆ ಮಾಡಬೇಡಿ.

ಮನೆ ಮಾಲೀಕರು ಎಪ್ಪತ್ತು ದಾಟಿದ ಹಿರಿಯರು. ಅವರ ಬಿಲ್ಡಿಂಗ್ ನಿಂತ ಜಾಗ ಅವರ ಅಪ್ಪನ ಕಾಲದಲ್ಲಿ ರಾಗಿ ಹೊಲವಂತೆ. 'ತೆನೆ ಕಾಯೋಕೆ ಇಲ್ಲೇ ಮಲಗ್ತಿದ್ದೆ ಯಜಮಾನ್ರೇ, ಈಗ ಗೇಟು ಕಾಯೋಕೆ ಕ್ಯಾಮೆರಾ ಇಟ್ಟಿದೀನಿ' ಅಂದರು. ನಿದ್ದೆ ಚೆನ್ನಾಗಿ ಬರುತ್ತಾ ಅಂತ ಕೇಳಿದೆ. 'ಎಲ್ಲಿ ಬಂತು? ಯಾರಾದ್ರೂ ಅಲ್ಲಾಡಿದ್ರೆ ಫೋನಲ್ಲಿ ಟಣ್ ಅನ್ನುತ್ತೆ. ಎದ್ದು ನೋಡಿದ್ರೆ ಬೆಕ್ಕು!' ಇಬ್ಬರೂ ನಕ್ಕೆವು. ಈ ಯಂತ್ರಕ್ಕೆ ಬಂದವರು ಯಾರು ಅಂತ ಗೊತ್ತಿಲ್ಲ, ಬಂದರು ಅಂತ ಮಾತ್ರ ಗೊತ್ತು. ಅವರ ಬೆಕ್ಕನ್ನು ನಾನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡೆ.

ನಲ್ಲಿ, ಬಾಗಿಲು, ಗಂಟೆ

ಸೋಮವಾರ ಕಣ್ಣಿನ ಆಸ್ಪತ್ರೆ. ಅಲ್ಲಿ ಬಾಗಿಲು ತಾನೇ ತೆರೆಯಿತು, ನಲ್ಲಿಗೆ ತಿರುಪೇ ಇಲ್ಲ. ಕೈ ಒಡ್ಡಿ ನಿಂತೆ, ನೀರು ಬರಲಿಲ್ಲ. ಪಕ್ಕದ ಹುಡುಗನಿಗೆ ಸುರಿಯುತ್ತಾ ಇದೆ. ನನಗೆ ನಾಚಿಕೆ. ಅವನು 'ಅಂಗೈ ಮೇಲೆ ಮಾಡಿ ತಾತ' ಅಂದ. ಅಂಗೈ ತಿರುಗಿಸಿದರೆ ಬಂತು. ಈ ನಲ್ಲಿ ಮೈ ಶಾಖ ನೋಡುವುದಲ್ಲ. ತಾನೇ ಕಾಣದ ಬೆಳಕು ಬಿಟ್ಟು, ಅದು ಕೈಗೆ ಬಡಿದು ವಾಪಸ್ ಬಂತಾ ಅಂತ ನೋಡುತ್ತೆ. ಕಪ್ಪು ಬಣ್ಣ ಬೆಳಕನ್ನು ನುಂಗುತ್ತೆ, ಬಿಳುಪು ಹಿಂದಕ್ಕೆ ಕಳಿಸುತ್ತೆ. ಬಿಸಿಲಲ್ಲಿ ಸುಟ್ಟ ನನ್ನ ಮುಂಗೈಗಿಂತ ಅಂಗೈ ಬಿಳಿ. 2017ರಲ್ಲಿ ಇಂಥದೇ ಒಂದು ಸೋಪಿನ ಯಂತ್ರ ಬಿಳಿ ಕೈಗೆ ಸೋಪು ಕೊಟ್ಟು ಕಪ್ಪು ಕೈಗೆ ಕೊಡದೇ ಇದ್ದದ್ದನ್ನು ವಿಡಿಯೊ ಮಾಡಿ ಜಗತ್ತಿಗೆಲ್ಲ ತೋರಿಸಿದ್ದರು. ಮಾಡುವವರು ತಮ್ಮ ಕೈ ಇಟ್ಟು ಪರೀಕ್ಷೆ ಮಾಡಿರುತ್ತಾರೆ, ನಮ್ಮ ಕೈ ಇಟ್ಟಿರುವುದಿಲ್ಲ. ಈ ಬೆಳಕು ನೋಡಬೇಕಾದರೆ ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಬರೀ ಕಣ್ಣಿಗೆ ಕಾಣದ್ದು ಹೆಚ್ಚಿನ ಫೋನುಗಳಲ್ಲಿ ನೇರಳೆಯಾಗಿ ಮಿನುಗುತ್ತೆ.

2020ರಲ್ಲಿ ಕೊರೊನಾ ಬಂದು ಮುಟ್ಟುವುದೇ ಭಯ ಆದಾಗ ಇಂಥವು ಊರೂರಿಗೆ ಬಂದವು. ಸ್ಯಾನಿಟೈಸರ್ ಡಬ್ಬಿ ನೀವೂ ನೋಡಿರುತ್ತೀರಿ. ಮಧ್ಯಪ್ರದೇಶದ ಮಂದಸೋರಿನ ಪಶುಪತಿನಾಥ ದೇವಸ್ಥಾನದಲ್ಲಿ ಆ ವರ್ಷ ಗಂಟೆಗೇ ಸೆನ್ಸರ್ ಕಟ್ಟಿದರು. ಕೆಳಗೆ ನಿಂತು ಕೈ ಎತ್ತಿದರೆ ಗಂಟೆ ತಾನೇ ಬಾರಿಸುತ್ತೆ. ಮಾಡಿಕೊಟ್ಟವರು ಆ ಊರಿನ ಒಬ್ಬ ಮುಸ್ಲಿಂ ಹಿರಿಯರು.

ಲಿಫ್ಟಿನ ಬಾಗಿಲಲ್ಲಿ ಇರುವುದು ಅಡ್ಡ ಕಿರಣ. ಈ ಕಡೆಯಿಂದ ಆ ಕಡೆಗೆ ಕಾಣದ ಬೆಳಕಿನ ದಾರ ಎಳೆದಂತೆ. ದಾರ ಕಡಿದರೆ ಬಾಗಿಲು ಮತ್ತೆ ತೆರೆದುಕೊಳ್ಳುತ್ತೆ. ಆಸ್ಪತ್ರೆಯ ದೊಡ್ಡ ಬಾಗಿಲುಗಳ ನೆತ್ತಿಯ ಮೇಲೆ ಹೆಚ್ಚಾಗಿ ರಾಡಾರ್ ಜಾತಿಯದು ಇರುತ್ತೆ. ಮಾಲೂರು ಸ್ಟೇಷನ್ನಿನಲ್ಲಿ ನಿಲ್ಲದ ರೈಲು ಸಿಳ್ಳೆ ಹಾಕಿಕೊಂಡು ಹೋಗುವುದನ್ನು ಕೇಳಿದ್ದೀರಲ್ಲ, ಹತ್ತಿರ ಬರುವಾಗ ಸಿಳ್ಳೆ ಕೀರಲು, ದಾಟಿದ ತಕ್ಷಣ ದಪ್ಪ. 1842ರಲ್ಲಿ ಆಸ್ಟ್ರಿಯಾದ ಡಾಪ್ಲರ್ ಇದರ ಲೆಕ್ಕ ಬರೆದರು. ಈ ಸೆನ್ಸರ್ ರೇಡಿಯೊ ಅಲೆ ಬಿಟ್ಟು, ವಾಪಸ್ ಬಂದ ಅಲೆಯ 'ಸಿಳ್ಳೆ' ಬದಲಾಯಿತಾ ಅಂತ ನೋಡುತ್ತೆ. ಶಾಖಕ್ಕೂ ಇದಕ್ಕೂ ಸಂಬಂಧ ಇಲ್ಲ. ತಮಾಷೆ ಏನೆಂದರೆ ಇದರ ಗುಣ ಮೊದಲಿನದಕ್ಕೆ ತದ್ವಿರುದ್ಧ. ಇದಕ್ಕೆ ನೇರ ಎದುರಿಗೆ ಬರುವವರು ಚೆನ್ನಾಗಿ ಕಾಣುತ್ತಾರೆ, ಅಡ್ಡ ಹಾಯುವವರು ಅಷ್ಟಾಗಿ ಕಾಣುವುದಿಲ್ಲ. ತೆಳು ಹಲಗೆ, ಪ್ಲಾಸ್ಟಿಕ್ಕು, ಗಾಜಿನ ಆಚೆಗೂ ನೋಡುತ್ತೆ. ಹೊಲದಲ್ಲಿ ಗಾಳಿಗೆ ಅಲ್ಲಾಡುವ ಗಿಡವೂ ಇದರ ಲೆಕ್ಕಕ್ಕೆ ಚಲನೆಯೇ, ಅದಕ್ಕೇ ನಮಗೆ ಆಗಿಬರದು. ಅಂಗಡಿಯಲ್ಲಿ ಎರಡನ್ನೂ 'ಮೋಷನ್ ಸೆನ್ಸರ್' ಅಂತಲೇ ಕೊಡುತ್ತಾರೆ. ನಾವು ಕೇಳಬೇಕಾದ್ದು ಪಿ.ಐ.ಆರ್. ಗೆರೆಗೆರೆಯ ಬಿಳಿ ಗುಬ್ಬಿ ಇದ್ದರೆ ಅದೇ.

ಟೋಲ್ ಗೇಟಿನ ಫಾಸ್ಟ್ಯಾಗ್ ಇದೇ ಜಾತಿಯಾ ಅಂತ ನಮ್ಮೂರಲ್ಲಿ ಕೇಳಿದರು. ಅಲ್ಲ. ಅದು ಚೀಟಿಯ ನಂಬರು ಓದುವುದು. ಮುಟ್ಟದ ಯಂತ್ರವೆಲ್ಲ ಅಲ್ಲಾಟ ನೋಡುವ ಯಂತ್ರ ಅಲ್ಲ.

ಬದುವಿನ ಮೇಲೆ

ಊರಿಗೆ ಹೊರಡುವ ಮುಂಚೆ ಅಳಿಯನ ಜೊತೆ ಎಸ್.ಪಿ. ರೋಡಿಗೆ ಹೋಗಿ ಎರಡು ಸೌರ ಸೆನ್ಸರ್ ದೀಪ ತಂದೆ. ಮೇಲೆ ಅಂಗೈ ಅಗಲ ಸೋಲಾರ್ ಪ್ಲೇಟು, ಒಳಗೆ ಲಿಥಿಯಂ ಬ್ಯಾಟರಿ, ಮುಂದೆ ಗುಬ್ಬಿ. ವೈರಿಲ್ಲ, 230 ವೋಲ್ಟಿನ ಗೊಡವೆ ಇಲ್ಲ. ಡಬ್ಬಿಯ ಮೇಲೆ 10 ಮೀಟರ್ ಅಂತ ಬರೆದಿತ್ತು.

ಭಾದ್ರಪದದಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಗೂಟ ನೆಟ್ಟು, ಆಳೆತ್ತರಕ್ಕೆ ಡಬ್ಬಿ ಕಟ್ಟಿ, ನೀಲಗಿರಿ ತೋಪಿನ ಕಡೆಗೆ ಮುಖ ಮಾಡಿದೆ. ಕಳ್ಳ ಬರುವ ದಾರಿಗೆ ಮುಖ ಮಾಡುವುದು ನ್ಯಾಯ ತಾನೆ? ಎರಡು ರಾತ್ರಿಯಲ್ಲಿ ಮೂಲೆ ಸಾಲುಗಳನ್ನು ಉತ್ತು ಹೋದವು. ದೀಪ ಹೊತ್ತಿದೆ, ಆದರೆ ಅವು ಹತ್ತಡಿಗೆ ಬಂದ ಮೇಲೆ. ಬಿದಿರು ತಡಿಕೆಯ ಮಾತು ಆಗ ನೆನಪಾಯಿತು. ಹಂದಿ ತೋಪಿನಿಂದ ನೇರ ಡಬ್ಬಿಯ ಕಡೆಗೇ ಬರುತ್ತಿದೆ, ಒಂದೇ ಸಂದಿಯಲ್ಲಿ ಇದೆ. ಜೊತೆಗೆ ಆಳೆತ್ತರದ ಡಬ್ಬಿ ಮನುಷ್ಯನ ಎದೆಗೆ ಸರಿ, ಎರಡೂವರೆ ಅಡಿಯ ಹಂದಿಗೆ ಅಲ್ಲ.

ಮರುದಿನ ಡಬ್ಬಿಯನ್ನು ಹೊಲದ ಮೂಲೆಗೆ ಒಯ್ದು, ನೆಲದಿಂದ ಮೂರಡಿಗೆ ಇಳಿಸಿ, ತೋಪಿನ ಕಡೆಗಲ್ಲ, ಬದುವಿನ ಉದ್ದಕ್ಕೆ ಮುಖ ಮಾಡಿದೆ. ಈಗ ತೋಪಿನಿಂದ ಹೊಲಕ್ಕೆ ಇಳಿಯುವ ಯಾವ ಹಂದಿಯೂ ಡಬ್ಬಿಯ ನೋಟಕ್ಕೆ ಅಡ್ಡ ಹಾಯಲೇಬೇಕು. ಎಷ್ಟು ದೂರ ಕಾಣುತ್ತೆ ಅಂತ ನೋಡಲು ಮುಸ್ಸಂಜೆಯಲ್ಲಿ ಮೊಮ್ಮಗನನ್ನು ಅಂಬೆಗಾಲಿನಲ್ಲಿ ಬದು ದಾಟಿಸಿದೆ. ದೀಪ ಹತ್ತಿದ ಕಡೆಯೆಲ್ಲ ಬೂದಿ ಚೆಲ್ಲಿ ಗುರುತು ಮಾಡಿದೆ. ಅವನಿಗೆ ಬಲು ಖುಷಿ, ಹಂದಿಯ ಹಾಗೆ ಗುರುಗುಟ್ಟಿಕೊಂಡೇ ಹೋದ. ಒಂಬತ್ತು ಹತ್ತು ಹೆಜ್ಜೆ ದೂರದವರೆಗೆ ಸರಿಯಾಗಿ ಹತ್ತಿತು, ಅದರ ಆಚೆ ಒಮ್ಮೆ ಹತ್ತಿದರೆ ಒಮ್ಮೆ ಇಲ್ಲ. ಡಬ್ಬಿಯ ಮೇಲಿನ 10 ಮೀಟರನ್ನು ನಂಬದೆ ಹೀಗೆ ಬೂದಿ ಹಾಕಿ ನೋಡಿಕೊಳ್ಳುವುದೇ ಸರಿ. ಉಳಿದ ಬದುವಿಗೆ ಎರಡನೇ ಡಬ್ಬಿ.

ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಉಲ್ಲಾಸ ಕಾರಂತರು ಹುಲಿ ಎಣಿಸಲು ಹುಲಿ ಹಾಯುವಾಗ ತಾನೇ ಕ್ಲಿಕ್ಕಾಗುವ ಕ್ಯಾಮೆರಾ ಇಟ್ಟಿದ್ದರು. ಅವುಗಳನ್ನೂ ದಾರಿಯ ಎರಡೂ ಪಕ್ಕದಲ್ಲಿ, ಹುಲಿ ಅಡ್ಡ ಹಾಯುವಂತೆಯೇ ನಿಲ್ಲಿಸುತ್ತಾರೆ. ಎರಡೂ ಮಗ್ಗುಲ ಪಟ್ಟೆ ಸಿಕ್ಕರೆ ಯಾವ ಹುಲಿ ಅಂತ ಗುರುತು ಹತ್ತುತ್ತೆ. ಹುಲಿಗೆ ಆದದ್ದು ಹಂದಿಗೂ ಆದೀತು ಅಂತ ಮೇಷ್ಟರು ನಗುತ್ತಾ ಹೇಳಿದರು.

ಬೆಳಕಿಗೆ ಹೆದರದ ಹಂದಿ

ಒಂದು ವಾರ ಹಂದಿ ಬದು ಹತ್ತಲಿಲ್ಲ. ದೀಪ ಹೊತ್ತಿದ ಕೂಡಲೇ ಗುಟುರು ಹಾಕಿ ತೋಪಿಗೆ ಓಡುವುದನ್ನು ಅಟ್ಟಣೆ ಮೇಲಿಂದ ಕಂಡು ಊರಿಗೆಲ್ಲ ಹೇಳಿಕೊಂಡು ಬಂದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಎರಡನೇ ವಾರ ನಿಂತು ನೋಡಲು ಶುರು ಮಾಡಿದವು. ಆಮೇಲೆ ಅದೇ ಬೆಳಕಿನಲ್ಲಿ ಆರಾಮಾಗಿ ಕಡಲೆಕಾಯಿ ಕೆದಕಿದವು. ನಾನೇ ದೀಪ ಹಚ್ಚಿ ಊಟಕ್ಕೆ ಬಡಿಸಿದಂತಾಯಿತು.

ಅಲ್ಲಿ ನನ್ನ ಲೆಕ್ಕ ತಪ್ಪಿತ್ತು. ಯಂತ್ರ ಹಂದಿಯನ್ನು ಓಡಿಸಲಿ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೆ ಬರುವುದು ನೋಡುವ ಕೆಲಸ ಒಂದೇ. ಓಡಿಸುವವನು ನಾನೇ. ಹಾಗಾದರೆ ಅದು ಹೇಳಬೇಕಾದ್ದು ಹಂದಿಗಲ್ಲ, ನನಗೆ. ಅಳಿಯನಿಗೆ ಫೋನು ಮಾಡಿದೆ. ದಸರಾಕ್ಕೆ ಬಂದಾಗ 12 ವೋಲ್ಟಿನ ಪಿ.ಐ.ಆರ್. ಸ್ವಿಚ್ಚು, ರಿಲೇ ಇದ್ದದ್ದು, ಒಂದು ಬಜರು ತಂದ. ಬೈಕಿನ ಹಳೇ ಬ್ಯಾಟರಿ ಮನೆಯಲ್ಲಿತ್ತು. ಸೆನ್ಸರ್ ಬದುವಿನ ಮೇಲೆ, ಅಲ್ಲಿಂದ ಪ್ಲಾಸ್ಟಿಕ್ ಹೊದಿಕೆಯ ಎರಡೆಳೆ ವೈರು ಗುಡಿಸಲಿಗೆ, ಬಜರು ನನ್ನ ತಲೆದೆಸೆಯಲ್ಲಿ. 12 ವೋಲ್ಟಿನ ವೈರು ತುಳಿದರೂ ನಾಯಿ ಸಾಯುವುದಿಲ್ಲ, ಹುಲ್ಲಿಗೆ ಬಂದವರೂ ಸಾಯುವುದಿಲ್ಲ. ಬರೀ ಸೆನ್ಸರ್ ಬಿಲ್ಲೆಯಿಂದ ನೇರವಾಗಿ ಬಜರು ಎಳೆಸಬೇಡಿ, ಅದರಿಂದ ಬರುವ ಸನ್ನೆ ತೀರ ಬಡಕಲು, ನಡುವೆ ರಿಲೇ ಬೇಕು.

ಈಗ ಅಟ್ಟಣೆ ಇಲ್ಲ. ಗುಡಿಸಲಲ್ಲಿ ನೆಲದ ಮೇಲೆ ಮಲಗುತ್ತೇನೆ. ಬಜರು ಕಿರ್ ಅಂದರೆ ಎದ್ದು ಟಾರ್ಚು ಬಿಟ್ಟು ಕೂಗು ಹಾಕುತ್ತೇನೆ, ಒಮ್ಮೊಮ್ಮೆ ತಗಡು, ಒಮ್ಮೊಮ್ಮೆ ಪಟಾಕಿ. ಒಂದೇ ಥರ ಮಾಡಿದರೆ ಅವಕ್ಕೆ ಪಾಠ ಆಗಿಬಿಡುತ್ತೆ. ಮನುಷ್ಯ ನಿಜವಾಗಿ ಎದ್ದು ಬರುತ್ತಾನೆ ಅಂತ ಗೊತ್ತಾದ ಹಂದಿ ಬೆಳಕೊಂದನ್ನೇ ಕಂಡ ಹಂದಿಯ ಹಾಗಲ್ಲ. ಕೆಲವು ರಾತ್ರಿ ಒಂದು ಸಲವೂ ಕೂಗಲಿಲ್ಲ, ಕೆಲವು ರಾತ್ರಿ ನಾಲ್ಕು ಸಲ. ಅದರಲ್ಲಿ ಮೊಲ, ನರಿ, ಊರ ನಾಯಿಗಳೂ ಸೇರಿದವು. ಹೊರಮಾವಿನ ಯಜಮಾನರ ಬೆಕ್ಕು ಇಲ್ಲೂ ಬಂತು ಅಂದುಕೊಂಡು ಮತ್ತೆ ಮಲಗುತ್ತೇನೆ.

ಪೂರ್ತಿ ಉಳಿಯಿತು ಅಂದರೆ ಸುಳ್ಳಾಗುತ್ತೆ. ಕೀಳುವುದಕ್ಕೆ ನಾಲ್ಕು ದಿನ ಇದೆ ಅನ್ನುವಾಗ ರಾತ್ರಿಯೆಲ್ಲ ಜಡಿಮಳೆ ಹಿಡಿಯಿತು. ಗುಬ್ಬಿಯ ಮೇಲೆ ನೀರು ಹರಿದು ಅದಕ್ಕೆ ಏನೂ ಕಾಣಲಿಲ್ಲ, ಬಜರು ಸುಮ್ಮನಿತ್ತು, ನಾನು ನಂಬಿ ಮಲಗಿಬಿಟ್ಟೆ. ಬೆಳಗ್ಗೆ ಎರಡು ಗುಂಟೆ ನೆಲ ಗದ್ದೆ ಉತ್ತಂತಾಗಿತ್ತು. ಹಂದಿ ಕೆಸರಿನಲ್ಲಿ ಹೊರಳಿ ಬಂದರೆ ಮೈ ಮೇಲಿನ ಹಸಿ ಕೆಸರು ತಂಪಾಗಿದ್ದು ಸೆನ್ಸರಿಗೆ ಇನ್ನೂ ಮಬ್ಬು ಅಂತ ನನ್ನ ಅನುಮಾನ. ಮಳೆ ಹಿಡಿದ ರಾತ್ರಿ ಈಗಲೂ ಎಚ್ಚರ ಇರುತ್ತೇನೆ. ಈಗ ಗುಬ್ಬಿಯ ಮೇಲೆ ಅರ್ಧ ಹೋಳು ತೆಂಗಿನ ಕರಟ ಸೂರಿನಂತೆ ಕಟ್ಟಿದ್ದೇನೆ, ಸ್ವಲ್ಪ ಪರವಾಗಿಲ್ಲ.

ಮಾಡುವವರಿಗೆ ಎರಡು ಮಾತು

ಡಬ್ಬಿಯ ಹಿಂದೆ ಸಾಮಾನ್ಯವಾಗಿ ಮೂರು ತಿರುಪು ಇರುತ್ತವೆ. ಒಂದು ದೂರದ್ದು, ಒಂದು ಎಷ್ಟು ಹೊತ್ತು ಹೊತ್ತಿರಬೇಕು ಅನ್ನುವುದು, ಇನ್ನೊಂದಕ್ಕೆ ಸೂರ್ಯ ಚಂದ್ರರ ಚಿತ್ರ ಇರುತ್ತೆ, ಅದು ಕತ್ತಲಾದ ಮೇಲೆ ಮಾತ್ರ ಕೆಲಸ ಮಾಡಲಿ ಅನ್ನುವುದಕ್ಕೆ. ಮೊದಲು ಸೂರ್ಯನ ಕಡೆ ತಿರುಗಿಸಿ, ಹೊತ್ತನ್ನು ಕಡಿಮೆ ಮಾಡಿ, ನಡೆದು ಪರೀಕ್ಷೆ ಮಾಡಿಕೊಂಡು ಆಮೇಲೆ ಚಂದ್ರನಿಗೆ ತಿರುಗಿಸಿ. ಕರೆಂಟು ಕೊಟ್ಟ ಮೊದಲ ಅರ್ಧ ಒಂದು ನಿಮಿಷ ಅದು ಹುಚ್ಚುಹುಚ್ಚಾಗಿ ಆಡುತ್ತೆ, ಕೆಟ್ಟಿದೆ ಅಂತ ಬಿಚ್ಚಬೇಡಿ, ಜಾಗಕ್ಕೆ ಹೊಂದಿಕೊಳ್ಳುತ್ತಾ ಇರುತ್ತೆ.

ಗುಬ್ಬಿಯ ಮುಂದಿನ ಹುಲ್ಲು ಕೊಯ್ದಿರಬೇಕು. ಹಗಲೆಲ್ಲ ಕಾದ ಬಂಡೆಯ ಮುಂದೆ ಸಂಜೆ ಗಾಳಿಗೆ ಹುಲ್ಲು ಆಡಿದರೆ ಅದಕ್ಕೆ ಯಾರೋ ಬಂದಂತೆಯೇ. ರಸ್ತೆ ಪಕ್ಕದ ಹೊಲವಾದರೆ ಲಾರಿಯ ಬೆಳಕು, ಬಿಸಿ ಎರಡೂ ತಾಗದ ಕಡೆಗೆ ಮುಖ ಮಾಡಿ. ಜೇಡ ಬಲೆ ನೇಯುತ್ತೆ, ಇರುವೆ ಒಳಗೆ ಗೂಡು ಮಾಡುತ್ತೆ, ಹಲ್ಲಿ ಗುಬ್ಬಿಯ ಮೇಲೇ ಕೂರುತ್ತೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೋಡ ಕವಿದ ವಾರದಲ್ಲಿ ಸೌರ ದೀಪದ ಬ್ಯಾಟರಿ ನಡುರಾತ್ರಿಗೇ ಸೋಲುತ್ತೆ, ಹಂದಿ ಬರುವುದು ಅದರ ಮೇಲೆಯೇ. ಬಜರಿನ ಬ್ಯಾಟರಿಯನ್ನು ನಾನು ಮನೆಗೆ ಒಯ್ದು ಚಾರ್ಜು ಮಾಡುತ್ತೇನೆ. ಚಿಕ್ಕ ಸೋಲಾರ್ ಪ್ಲೇಟು ಹಾಕುವವರು ನಡುವೆ ಚಾರ್ಜ್ ಕಂಟ್ರೋಲರ್ ಹಾಕಿ, ಇಲ್ಲದಿದ್ದರೆ ಬ್ಯಾಟರಿ ಬೇಗ ಸಾಯುತ್ತೆ. ಬಿಲ್ಡಿಂಗಿಗೆ ಹಾಕುವ 230 ವೋಲ್ಟಿನ ಸೆನ್ಸರ್ ಅಗ್ಗಕ್ಕೆ ಸಿಕ್ಕಿತು ಅಂತ ಹೊಲಕ್ಕೆ ಮಾತ್ರ ಎಳೆಯಬೇಡಿ. ಅದು ಹಳೇ ದಾರಿಯೇ ಆಯಿತು.

ಕಾರ್ತಿಕದ ಚಳಿಯಲ್ಲಿ ಇದು ಚೆನ್ನಾಗಿ ನಡೆಯಿತು. ನೆಲ ತಂಪು, ಹಂದಿ ಬಿಸಿ, ಗುರುತು ಸುಲಭ. ಬೇಸಿಗೆಯ ನಡುಹಗಲಲ್ಲಿ ಇಡೀ ಹೊಲವೇ ಮೈಯಷ್ಟು ಬಿಸಿ ಆದಾಗ ಮನುಷ್ಯ ಎದುರಿಗೆ ಹಾದರೂ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಮೊಮ್ಮಗನನ್ನು ಓಡಿಸಿ ನೋಡಿದ್ದೇನೆ.

ಈಗ ನನಗೆ ಉಳಿದಿರುವುದು ನವಿಲು. ಬಿತ್ತಿದ ಕಡಲೆಕಾಯಿಯನ್ನು ಹಗಲಲ್ಲೇ ಸಾಲು ಹಿಡಿದು ಹೆಕ್ಕುತ್ತವೆ. ಗರಿ ಹೊದ್ದ ಮೈ, ಮೇಲೆ ಬಿಸಿಲು, ಈ ಕಣ್ಣಿಗೆ ಅವು ಬೀಳುವುದು ಅಪರೂಪ. ಹುರುಳಿಕಾಳಿನಷ್ಟು ಉಪಾಯ ಯಾರಿಗಾದರೂ ಗೊತ್ತಿದ್ದರೆ, ಮಾಡಿ ನೋಡಿದ್ದಿದ್ದರೆ, ಪತ್ರಿಕೆಗೆ ಬರೆಯಿರಿ. ಕೆಟ್ಟು ಹೋದದ್ದನ್ನೂ ಬರೆಯಿರಿ. ಮುಂದಿನ ಬಿತ್ತನೆಯೊಳಗೆ ಬಂದರೆ ನನಗೂ ಉಪಯೋಗಕ್ಕೆ ಬರುತ್ತೆ.